ಉಪ್ಪು ಮತ್ತು ಇದ್ದಿಲು

ಸನ್ಮಾನದ ಸಭೆಗಳಲ್ಲಿ ಹಾರ ಹಾಕಿ ಮುಗಿದ ಮೇಲೆ ಕೇಳುವ ಪ್ರಶ್ನೆ ಯಾವಾಗಲೂ ಒಂದೇ. ಹೆಣ್ಣುಮಕ್ಕಳು ಆ ಕಡೆ ತಲೆಯೇ ಹಾಕದ ಕಾಲದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಬೇಕು ಅಂತ ನಿಮಗೆ ಹೇಗೆ ಅನ್ನಿಸಿತು ಮೇಡಂ? ನಾನು ಮೂರ್ನಾಡಿನ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ನೆನೆದು, ಚಪ್ಪಾಳೆ ತಟ್ಟಿಸಿಕೊಂಡು, ಶಾಲು ಮಡಚಿ ಚೀಲಕ್ಕೆ ತುರುಕಿಕೊಂಡು ಬರುತ್ತೇನೆ. ಹಸಿ ಸುಳ್ಳು. ಆ ಮೇಷ್ಟ್ರು ವಿದ್ಯುತ್ತಿನ ಪಾಠವನ್ನು ನಮಗೆ ಓದಿಸಿದ್ದೇ ಇಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ನಮ್ಮ ಮನೆಯ ಹಿತ್ತಿಲಿನಿಂದ ಶುರು ಮಾಡಬೇಕು, ಅಲ್ಲಿ ನನ್ನ ಅಮ್ಮ ಸತ್ತದ್ದನ್ನು ಹೇಳಬೇಕು, ಅವಳನ್ನು ಕೊಂದವರು ಯಾರು ಎಂದು ಹೇಳಬೇಕು. ಮೈಕಿನ ಮುಂದೆ ನಿಂತು ಹೇಳುವ ಮಾತೇ ಅದು? ಇಲ್ಲಿ ಬರೆಯುತ್ತೇನೆ. ಬರೆದದ್ದನ್ನು ಓದಿ ನೋಯುವವರು ಈಗ ಯಾರೂ ಉಳಿದಿಲ್ಲ.

ನಮ್ಮದು ಮೂರ್ನಾಡಿನಿಂದ ಒಳಕ್ಕೆ, ಕಾಫಿ ತೋಟಗಳ ನಡುವಿನ ಮನೆತನದ ಮೂಲಮನೆ, ಐನ್‌ಮನೆ. ಐನ್‌ಮನೆ ಅಂದ ಕೂಡಲೇ ಜನ ದೊಡ್ಡ ಕಂಬ, ಕೆತ್ತನೆ ಬಾಗಿಲು ಅಂತ ಬಾಯಿ ಚಪ್ಪರಿಸುತ್ತಾರೆ. ನಮ್ಮ ಮನೆಯಲ್ಲಿ ಇದ್ದದ್ದು ಕತ್ತಲು. ಜಗಲಿ ದಾಟಿ ನಡುಮನೆಗೆ ಕಾಲಿಟ್ಟರೆ ಹಗಲಲ್ಲೂ ಎದುರಿಗಿದ್ದವರ ಮುಖ ಗುರುತು ಸಿಗಬೇಕಾದರೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅಲ್ಲಿ ತೊಲೆಯಿಂದ ಇಳಿಬಿಟ್ಟ ಹಿತ್ತಾಳೆಯ ತೂಗುದೀಪ. ಅದನ್ನು ಸಂಜೆ ಹಚ್ಚುವುದು ಮನೆಯ ಹಿರಿಯರಿಗಾಗಿ, ಅಂದರೆ ಸತ್ತು ಹೋದ ಹಿರಿಯರಿಗಾಗಿ. ಅವರ ಕಲ್ಲು ಹಿತ್ತಿಲ ಮೂಲೆಯಲ್ಲಿ ಸಂಪಿಗೆ ಮರದ ಕೆಳಗಿತ್ತು, ಹೊರಗಿನವರು ನೋಡಿದರೆ ಬಟ್ಟೆ ಒಗೆಯುವ ಕಲ್ಲೋ ಏನೋ ಅಂದುಕೊಳ್ಳಬೇಕು, ಅಷ್ಟು ಸಾದಾ. ಅಡುಗೆಮನೆಯಿಂದ ಹಿತ್ತಿಲಿಗೆ ಒಂದು ಬಾಗಿಲು, ಹಿತ್ತಿಲ ಆಚೆ ಬದಿಗೆ ಕೊಟ್ಟಿಗೆ. ಮನೆಯಲ್ಲಿ ಇದ್ದವರು ನಾಲ್ಕೇ ಜನ. ಅಪ್ಪ ಚಿಣ್ಣಪ್ಪ, ಅಮ್ಮ ಕಮಲ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ಮನೆಯ ಮಾತು ಅರೆಭಾಷೆ. ಇದೆ ಅನ್ನುವುದಕ್ಕೆ ‘ಉಟ್ಟು’, ಕೂಡ ಅನ್ನುವುದಕ್ಕೆ ‘ಸಾ’, ಇಲ್ಲ ಅನ್ನುವುದಕ್ಕೆ ‘ಇಲ್ಲೆ’, ಬೇಡ ಅನ್ನುವುದಕ್ಕೆ ‘ಬೊತ್ತು’. ಅಜ್ಜಿಯ ಬಾಯಲ್ಲಿ ಈ ಕೊನೆಯದೇ ಹೆಚ್ಚು.

ಅಜ್ಜಿಯನ್ನು ಕೆಟ್ಟವಳು ಅಂದುಕೊಳ್ಳಬೇಡಿ. ಬೆಳಗಿನ ಅಕ್ಕಿ ರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿ ಮೊದಲನೆಯದನ್ನು ನನ್ನ ತಟ್ಟೆಗೇ ಹಾಕುತ್ತಿದ್ದಳು. ಬಿದಿರಿನ ಕಣಿಲೆ ಪಲ್ಯ ಮಾಡಿದ ದಿನ ನನ್ನ ಪಾಲನ್ನು ಖಾರವಿಲ್ಲದೆ ಬೇರೆ ತೆಗೆದಿಡುತ್ತಿದ್ದಳು. ಹಂದಿ ಸಾರಿನ ದಿನ ಮಾತ್ರ ಅಮ್ಮ ಮಾಡಿದ್ದರಲ್ಲಿ ಏನಾದರೂ ಕೊರತೆ ಕಾಣುತ್ತಿತ್ತು, ಹುಳಿ ಸಾಲದು, ಮೆಣಸು ಹಸಿ, ಅಂತ. ಅಮ್ಮ ತಿರುಗಿ ಹೇಳುತ್ತಿರಲಿಲ್ಲ, ನನ್ನ ಕಡೆ ನೋಡಿ ಹುಬ್ಬು ಏರಿಸುತ್ತಿದ್ದಳು, ನನಗೆ ನಗು ತಡೆಯುತ್ತಿರಲಿಲ್ಲ. ನನ್ನ ಅಮ್ಮನ ಬಗ್ಗೆ ನನಗೆ ಸರಿಯಾಗಿ ನೆನಪಿರುವುದು ಇಂಥ ನಾಲ್ಕೈದು ಸಂಗತಿ ಅಷ್ಟೇ. ಉಳಿದದ್ದೆಲ್ಲ ಬೇರೆಯವರು ಹೇಳಿದ್ದು.

ನಮ್ಮ ಮನೆಗೆ ಕರೆಂಟು ತರಬೇಕೆಂದು ಹಟ ಹಿಡಿದದ್ದು ಅಪ್ಪ. ಲೈನ್‌ಮನ್ ರಾಘವನ್ ಬಂದು ಕೆಲಸ ಮುಗಿಸಿದ ದಿನ ಅಜ್ಜಿ ತವರಿನಲ್ಲಿ ಯಾವುದೋ ಮಗುವಿಗೆ ಹೆಸರಿಡುವುದಕ್ಕೆ ಹೋಗಿದ್ದಳು, ಅಪ್ಪ ತೋಟದಲ್ಲಿದ್ದ. ಜಗಲಿಗೊಂದು, ಅಡುಗೆಮನೆಗೊಂದು, ಕೊಟ್ಟಿಗೆಗೊಂದು ಬಲ್ಬು. ಕೊಟ್ಟಿಗೆಗೆ ಹೋಗುವ ವೈರು ಜೋತುಬೀಳಬಾರದೆಂದು ಮನೆಯ ಗೋಡೆಯಿಂದ ಕೊಟ್ಟಿಗೆಯ ಕಂಬಕ್ಕೆ ಒಂದು ದಪ್ಪ ಕಬ್ಬಿಣದ ತಂತಿ ಬಿಗಿದು, ವೈರನ್ನು ಅದಕ್ಕೆ ಸುತ್ತಿ ಕಟ್ಟಿದ. ಆಮೇಲೆ ಹಿತ್ತಿಲಲ್ಲಿ ಎಲ್ಲಿ ಮಣ್ಣು ತಂಪಾಗಿದೆ ಎಂದು ಕಾಲಿನಿಂದ ಒತ್ತಿ ಒತ್ತಿ ನೋಡುತ್ತ ಸಂಪಿಗೆ ಮರದ ಕೆಳಗೆ ಗುಂಡಿ ತೋಡಿದ. ಅದು ಹಿರಿಯರ ಜಾಗ ಎಂದು ಅವನಿಗೇನು ಗೊತ್ತು? ಅಮ್ಮನಿಗೆ ಅಡುಗೆಮನೆಯಿಂದ ಅದು ಕಾಣುತ್ತಿರಲಿಲ್ಲ. ಬಾಗಿಲಿಗೆ ಬಂದು, ತನ್ನ ಊರಿನ ಮಾತಿನಲ್ಲಿ ಅಕ್ಕ ಎಂದು ಕರೆದು ಕೇಳಿದ:

"ಚೇಚಿ, ಒಂದು ಬುಟ್ಟಿ ಇದ್ದಿಲು ಬೇಕು. ಉಪ್ಪು ಸಾ ಬೇಕು, ಕಲ್ಲುಪ್ಪು. ಸ್ವಲ್ಪ ಜಾಸ್ತಿನೇ ಕೊಡಿ."

"ಇದೆಂಥದು, ಅಡುಗೆ ಮಾಡ್ತೀರಾ?"

"ಕರೆಂಟಿಗೆ ಅರ್ತಿಂಗ್ ಚೇಚಿ. ಎಲ್ಲಾದರೂ ವೈರು ಕೆಟ್ಟು ಮುಟ್ಟಬಾರದ ಕಡೆ ಕರೆಂಟು ಬಂದರೆ ಈ ದಾರಿಯಲ್ಲಿ ಮಣ್ಣಿಗೆ ಹೋಗ್ತದೆ, ಫ್ಯೂಸ್ ಹಾರ್ತದೆ. ಮನುಷ್ಯರಿಗೆ ಏನೂ ಆಗ್ಲಿಕ್ಕಿಲ್ಲ."

ಅಮ್ಮ ಒಲೆಯಿಂದ ಇದ್ದಿಲು ಗೋರಿ, ಭರಣಿಯಿಂದ ಉಪ್ಪು ಸುರಿದು ಕೊಟ್ಟಳು. ನಾನು ಹಿಂದೆಯೇ ಓಡಿದೆ. ಒಂದು ತಗಡಿನ ಹಲಗೆಗೆ ತಂತಿ ಬಿಗಿದು ಗುಂಡಿಯಲ್ಲಿ ನಿಲ್ಲಿಸಿ, ಸುತ್ತ ಇದ್ದಿಲು, ಮೇಲೆ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು. ಯಾಕೆ ಉಪ್ಪು ಎಂದು ಕೇಳಿದ್ದಕ್ಕೆ ‘ಮಣ್ಣಿಗೆ ರುಚಿ ಬೇಡವಾ ಪಾಪು’ ಎಂದು ನಕ್ಕ. ಆ ತಂತಿಯ ಇನ್ನೊಂದು ತುದಿಯನ್ನು ಮನೆಯ ಮೈನ್ ಸ್ವಿಚ್ಚಿಗೂ, ಹಿತ್ತಿಲಿನ ಕಬ್ಬಿಣದ ತಂತಿಗೂ ಸೇರಿಸಿದ. ನಾನು ಕಂಡ ಮೊದಲ ವಿದ್ಯುತ್ ಕೆಲಸ ಅದು. ಇವತ್ತಿಗೂ ಅದರಲ್ಲಿ ನನಗೆ ಒಂದು ತಪ್ಪೂ ಕಾಣುವುದಿಲ್ಲ.

ಅಜ್ಜಿ ತವರಿನಿಂದ ಬಂದವಳೇ ಬಲ್ಬನ್ನು ನೋಡಿ ಮೂಗು ಮುರಿದಳು. ಜಗಲಿಯಲ್ಲಿ, ಅಡುಗೆಮನೆಯಲ್ಲಿ ಏನಾದರೂ ಮಾಡಿಕೊಳ್ಳಿ, ನಡುಮನೆಗೆ ಮಾತ್ರ ಆ ಬೆಳಕು ಬೊತ್ತು. ಅಷ್ಟೇ ಅಲ್ಲ, ಸಂಜೆ ತೂಗುದೀಪ ಹಚ್ಚಿ ಹಿರಿಯರನ್ನು ಕರೆಯುವ ಹೊತ್ತಿಗೆ ಇಡೀ ಮನೆಯಲ್ಲಿ ಕರೆಂಟೇ ಇರಬಾರದು. ಅದಕ್ಕೊಂದು ಪದ್ಧತಿಯೇ ಆಯಿತು. ಮುಸ್ಸಂಜೆಗೆ ಅಜ್ಜಿ ಕೈಕಾಲು ತೊಳೆದು, ಸೆರಗು ಸುತ್ತಿ, ಮರದ ಸೌಟಿನ ಹಿಡಿಯಿಂದ ಜಗಲಿಯ ಮೈನ್ ಸ್ವಿಚ್ಚನ್ನು ಕೆಳಕ್ಕೆ ಎಳೆಯುತ್ತಿದ್ದಳು. ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಆಮೇಲೆ ನಡುಮನೆಗೆ ಹೋಗಿ ಗಂಟೆ ಬಾರಿಸಿ ದೀಪ ಹಚ್ಚುತ್ತಿದ್ದಳು. ದೀಪಕ್ಕೆ ಕೈಮುಗಿದು ಎಲ್ಲ ಮುಗಿದ ಮೇಲೆಯೇ ಮತ್ತೆ ಸ್ವಿಚ್ಚು ಮೇಲಕ್ಕೆ. ಅಪ್ಪ ದಿನಾ ಗೊಣಗುತ್ತಿದ್ದ. ಪಕ್ಕದ ತೋಟದವರು ನಮ್ಮ ಮನೆಯ ಬೆಳಕು ಹೋಗಿ ಬರುವುದನ್ನು ನೋಡಿ ಹೊತ್ತು ತಿಳಿದುಕೊಳ್ಳುತ್ತಿದ್ದರಂತೆ, ಅದನ್ನು ಮೂರ್ನಾಡಿನ ಅಂಗಡಿಯಲ್ಲಿ ಅಪ್ಪನಿಗೇ ಹೇಳಿ ನಗುತ್ತಿದ್ದರು.

ಕೊಟ್ಟಿಗೆಗೆ ಕಟ್ಟಿದ ಕಬ್ಬಿಣದ ತಂತಿಯನ್ನು ಕಂಡು ತುಂಬ ಖುಷಿಪಟ್ಟವಳು ಅಮ್ಮ. ಒದ್ದೆ ಕಂಬಳಿ ಹಾಕಿದರೂ ಬಾಗದ ತಂತಿ! ಅಲ್ಲಿಯವರೆಗೆ ಬಟ್ಟೆ ಒಣಗಿಸುವುದು ಹಗ್ಗದ ಮೇಲೆ, ಅದು ವರ್ಷಕ್ಕೊಮ್ಮೆ ಕೊಳೆತು ಹರಿಯುತ್ತಿತ್ತು. ಕೆಲವು ತಿಂಗಳು ಏನೂ ಆಗಲಿಲ್ಲ. ಬಟ್ಟೆ ಎಳೆದು ಎಳೆದು ವೈರಿನ ಮೇಲಿನ ರಬ್ಬರು ಉಜ್ಜಿಹೋಗಿರಬೇಕು, ಆಮೇಲೆ ತಂತಿ ಮುಟ್ಟಿದರೆ ಬೆರಳಲ್ಲಿ ಜುಮ್ ಅನ್ನತೊಡಗಿತು. ಅಮ್ಮ ಹೇಳಿದಾಗ ಅಪ್ಪ ಮುಟ್ಟಿ ನೋಡಿ ‘ಇರುವೆ ಕಚ್ಚಿದ ಹಂಗೆ ಉಟ್ಟು, ಅಷ್ಟೇ’ ಎಂದ. ನಾನೂ ಮುಟ್ಟಿ ನೋಡಿ ಕಿಲಕಿಲ ನಕ್ಕಿದ್ದೆ. ಯಾರಿಗೂ ಭಯವಾಗಲಿಲ್ಲ. ಭಯವಿದ್ದಿದ್ದರೆ ರಾಘವನ್‌ನನ್ನು ಕರೆಸುತ್ತಿದ್ದೆವು. ಅಮ್ಮ ಅದಕ್ಕೊಂದು ಉಪಾಯ ಕಂಡುಕೊಂಡಳು. ಅಜ್ಜಿ ದೀಪ ಹಚ್ಚುವಾಗ ಹೇಗೂ ಕರೆಂಟು ತೆಗೆಯುತ್ತಾಳಲ್ಲ, ಆಗ ತಂತಿ ಜುಮ್ ಅನ್ನುವುದಿಲ್ಲ. ಹಾಗಾಗಿ ಹಿತ್ತಿಲು ಗುಡಿಸಿ, ನೀರು ಚಿಮುಕಿಸಿ, ಒಳಗಿನಿಂದ ಗಂಟೆ ಕೇಳಿಸಿದ ಮೇಲೆ ಬಟ್ಟೆ ತೆಗೆಯುವುದು ಅವಳ ಕ್ರಮವಾಯಿತು. ಅತ್ತೆ ಒಳಗೆ ಗಂಟೆ ಬಾರಿಸಿದರೆ ಸೊಸೆ ಹೊರಗೆ ಬಟ್ಟೆಗೆ ಕೈ ಹಾಕುತ್ತಿದ್ದಳು. ಇದೊಂದರಲ್ಲಿ ಅತ್ತೆ ಸೊಸೆಗೆ ಜಗಳವಿರಲಿಲ್ಲ.

ಹುತ್ತರಿ ಹಬ್ಬ ಹತ್ತಿರ ಬಂದಿತ್ತು. ಹೊಸ ಕದಿರು ಮನೆ ತುಂಬುವ ಮುಂಚೆ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕು, ಅಮ್ಮ ಬೆಳಗಿನಿಂದ ಅದೇ ಕೆಲಸದಲ್ಲಿದ್ದಳು. ಅಪ್ಪ ಮೂರ್ನಾಡಿನಿಂದ ಇನ್ನೊಂದು ಬಲ್ಬು, ವೈರು ತಂದು ಅಜ್ಜಿ ನಿದ್ದೆಯಲ್ಲಿದ್ದಾಗ ನಡುಮನೆಯಲ್ಲಿ ತೂಗುದೀಪದ ಪಕ್ಕದಲ್ಲೇ ತಾನೇ ಕಟ್ಟಿಬಿಟ್ಟಿದ್ದ. ಹಬ್ಬಕ್ಕೆ ಬರುವ ನೆಂಟರು ಕತ್ತಲಲ್ಲಿ ತಡಕಾಡಬಾರದು ಅಂತ ಅವನ ಆಸೆ. ಮುಸ್ಸಂಜೆಗೆ ಅಜ್ಜಿ ಸೌಟು ಹಿಡಿದು ಜಗಲಿಗೆ ಬಂದಾಗ ಅಪ್ಪ ಮೈನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದ.

"ನಕ್ಕು ನಕ್ಕು ಸಾಯ್ತೊಳೊ ಊರವು. ಇವತ್ತಿಂದ ಇದನ್ನ ತೆಗೆಯುದು ಬೊತ್ತು ಅವ್ವ."

"ಸರಿ ನಿಲ್ಲ್ ಚಿಣ್ಣಪ್ಪ. ಹಿರಿಯವ್ಕೆ ಹೊತ್ತಾತ್."

"ಹಿರಿಯವು ಸಾ ಬೆಳಕಲ್ಲಿ ಕೂತು ಉಣ್ಣಲಿ. ಅವ್ಕೆ ಕಣ್ಣು ಇಲ್ಲೆನಾ?"

ನಾನು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆ. ನನ್ನ ಮನಸ್ಸೆಲ್ಲ ಅಪ್ಪನ ಕಡೆಗಿತ್ತು. ಅಜ್ಜಿ ಸೌಟನ್ನು ನೆಲಕ್ಕೆಸೆದು ಒಳಗೆ ಹೋದಳು. ಆ ದಿನ ಗಂಟೆಯನ್ನು ಎಷ್ಟು ಸಿಟ್ಟಿನಿಂದ ಬಾರಿಸಿದಳೆಂದರೆ ಹಿತ್ತಿಲ ಆಚೆಗೂ ಕೇಳಿಸಿರಬೇಕು. ತೂಗುದೀಪ, ಬಲ್ಬು ಎರಡೂ ಒಟ್ಟಿಗೆ ಉರಿದವು. ನಡುಮನೆಯ ಮೂಲೆಗಳನ್ನು ನಾನು ಮೊದಲ ಸಲ ನೋಡಿದೆ. ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ವಿಕಾರವಾಗಿ ಕೂಗಿತು. ಅಪ್ಪನಿಗೆ ಒಂದೇ ಕ್ಷಣಕ್ಕೆ ಅರ್ಥವಾಯಿತು ಅನ್ನಿಸುತ್ತದೆ, ಅವನು ಹಿತ್ತಿಲಿಗೆ ಓಡಲಿಲ್ಲ, ಮೊದಲು ತಿರುಗಿ ಸ್ವಿಚ್ಚನ್ನು ಎಳೆದ, ಆಮೇಲೆ ಓಡಿದ. ಅಮ್ಮ ಆಗಷ್ಟೇ ನೀರು ಚಿಮುಕಿಸಿದ ನೆಲದಲ್ಲಿ ಬರಿಗಾಲಲ್ಲಿ ಬಿದ್ದಿದ್ದಳು. ನೀರು ಇಳಿಯುತ್ತಿದ್ದ ಕಂಬಳಿ ಅವಳ ಎದೆಯ ಮೇಲಿತ್ತು. ನಾನು ಕಂಬಳಿಯನ್ನು ತೆಗೆಯಲು ಹೋದೆ. ಅಪ್ಪ ನನ್ನನ್ನು ದೂಡಿದ ರಭಸಕ್ಕೆ ಮೊಣಕೈ ತರಚಿತು.

ಮರುದಿನ ಇಲಾಖೆಯ ಅಧಿಕಾರಿಯೊಬ್ಬರು ರಾಘವನ್‌ನನ್ನು ಕರೆದುಕೊಂಡು ಬಂದರು. ಒಳಗೆ ಹೆಂಗಸರ ಗೋಳು, ಅಜ್ಜಿ ಅಮ್ಮನ ತಲೆದೆಸೆ ಬಿಟ್ಟು ಎದ್ದಿರಲಿಲ್ಲ. ಹಿತ್ತಿಲಲ್ಲಿ ಆ ಇಬ್ಬರು, ಅಪ್ಪ, ಅಪ್ಪನ ಪಂಚೆ ಹಿಡಿದುಕೊಂಡು ನಾನು. ಅಧಿಕಾರಿ ಅರ್ತಿಂಗ್ ತೋರಿಸು ಎಂದರು. ರಾಘವನ್ ಸಂಪಿಗೆ ಮರದ ಕೆಳಗೆ ಹೋಗಿ ತಂತಿಯನ್ನು ಹಿಡಿದು ಜಗ್ಗಿದ. ಗಟ್ಟಿಯಾಗಿ ಹೂತಿರಬೇಕಾದ ತಂತಿ ಸಲೀಸಾಗಿ ಅವನ ಕೈಗೆ ಬಂದುಬಿಟ್ಟಿತು. ತುದಿಯಲ್ಲಿ ಏನೂ ಇರಲಿಲ್ಲ. ಯಾರೋ ಬರಿಯ ತುದಿಯನ್ನು ಮಣ್ಣಿಗೆ ಸಿಕ್ಕಿಸಿ ಇಟ್ಟಿದ್ದರು.

"ದೈವಮೇ! ಇಲ್ಲಿ ಪ್ಲೇಟ್ ಹೂತಿದ್ದೆ ಸಾರ್, ನಾನೇ ನನ್ನ ಕೈಯಿಂದ... ಈ ಪಾಪು ಕೂಡ ನೋಡಿದೆ ಸಾರ್!"

"ಇದು ಸರಿಯಾಗಿದ್ದಿದ್ದರೆ ಫ್ಯೂಸ್ ಹೋಗ್ತಿತ್ತು. ಈ ಹೆಣ್ಣುಮಗಳು ಬದುಕ್ತಿದ್ದಳು. ಯಾರು ತೆಗೆದದ್ದು?" ಎಂದು ಅಧಿಕಾರಿ ಗದರಿದರು.

ಅಪ್ಪ ಆ ಮಣ್ಣನ್ನೇ ನೋಡುತ್ತಿದ್ದ. ಅಲ್ಲಿ ಹಿರಿಯರ ಕಲ್ಲಿನ ಬುಡದ ಸಂದಿಯಲ್ಲಿ ಹೋಳು ಮಾಡಿದ ನಿಂಬೆಹಣ್ಣಿನ ಒಣಗಿ ಕಪ್ಪಾದ ಸಿಪ್ಪೆ, ಕುಂಕುಮದ ಕಲೆ ಉಳಿದ ಎಲೆ ಸಿಕ್ಕಿಕೊಂಡಿದ್ದವು. ಆಮೇಲೆ ಅವನ ಬಾಯಿಂದ ಬಂತು:

"ನಾನೇ ತೆಗೆದದ್ದು. ಬಾಳೆ ನೆಡುವುದಕ್ಕೆ ಅಗೆಯುವಾಗ ಅಡ್ಡ ಬಂತು."

ರಾಘವನ್ ಅಪ್ಪನನ್ನು ಕಣ್ಣು ಬಿಟ್ಟುಕೊಂಡು ನೋಡಿದ. ನಾನು ಅಪ್ಪನ ಪಂಚೆ ಬಿಟ್ಟುಬಿಟ್ಟೆ. ಸಂಪಿಗೆ ಮರದ ಕೆಳಗೆ ನಮ್ಮ ಮನೆಯವರು ಯಾರೂ, ಯಾವತ್ತೂ, ಬಾಳೆ ನೆಡುವುದಿಲ್ಲ ಎಂಬುದು ಆ ವಯಸ್ಸಿನಲ್ಲಿ ನನಗೆ ಹೊಳೆಯಲಿಲ್ಲ.

ಅಜ್ಜಿಯ ಲೆಕ್ಕವೇ ಬೇರೆ. ಅವಳಿಗೆ ಅರ್ತಿಂಗ್ ಗೊತ್ತಿಲ್ಲ, ಹಿತ್ತಿಲಲ್ಲಿ ನಡೆದ ಮಾತು ಕೇಳಿಸಿಲ್ಲ. ಹಿರಿಯರ ದೀಪದ ಹೊತ್ತಿಗೆ ಆ ಬೆಳಕು ಉರಿಸಿದ್ದಕ್ಕೆ ಹಿರಿಯರು ಮುನಿದು ಸೊಸೆಯನ್ನು ಕರೆದುಕೊಂಡರು, ಮಾಡಿದವನು ಮಗ. ಅವಳು ಕರೆಂಟು ತೆಗೆಸಿದಳು. ಅಪ್ಪ ತಡೆಯಲಿಲ್ಲ. ಬಲ್ಬುಗಳು, ಸ್ವಿಚ್ಚು, ತಂತಿ ಎಲ್ಲ ಹೋಗಿ ಸೀಮೆಎಣ್ಣೆಯ ಬುಡ್ಡಿ ಮತ್ತೆ ಬಂತು. ಸುತ್ತಲಿನ ಮನೆಗಳಲ್ಲಿ ಒಂದೊಂದಾಗಿ ಬೆಳಕು ಹತ್ತಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಬುಡ್ಡಿಯ ಮುಂದೆ ಮೂಗಿನ ಹೊಳ್ಳೆ ಕಪ್ಪು ಮಾಡಿಕೊಂಡು ಓದಿದೆ. ಅಪ್ಪ ಊಟಕ್ಕೆ ಒಳಗೆ ಬರುವುದನ್ನು ಬಿಟ್ಟ. ಜಗಲಿಯಲ್ಲಿ ಅಂಗಳದ ಕಡೆ ಮುಖ ಮಾಡಿ ಕೂರುತ್ತಿದ್ದ, ಅಜ್ಜಿ ತಟ್ಟೆಯನ್ನು ಹೊಸ್ತಿಲಾಚೆಗೆ ತಳ್ಳುತ್ತಿದ್ದಳು. ಒಬ್ಬರಿಗೊಬ್ಬರು ಏನಾದರೂ ಹೇಳಬೇಕಾದರೆ ಇಬ್ಬರೂ ನನ್ನ ಮೂಲಕ ಹೇಳಿಸುತ್ತಿದ್ದರು. ನಾನು ಅವನನ್ನು ಅಪ್ಪ ಎಂದು ಕರೆಯುತ್ತಿರಲಿಲ್ಲ. ‘ಅಜ್ಜಿ ಕೇಳಿದಳು’, ‘ಊಟಕ್ಕಾಯಿತು’, ‘ಶಾಲೆಗೆ ಸಹಿ ಬೇಕು’ ಇಷ್ಟೇ. ಮನೆಯೆಂದರೆ ಹೀಗೇ ಇರುತ್ತದೆ ಅಂದುಕೊಂಡು ಬೆಳೆದವಳು ನಾನು, ಮುಂದೆ ನನ್ನ ಕೈಕೆಳಗೆ ಕೆಲಸ ಮಾಡಿದವರು ನನ್ನನ್ನು ಕಲ್ಲುಮನಸ್ಸಿನವಳು ಅಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವ ದಿನ ಎಲ್ಲಕ್ಕಿಂತ ಕಷ್ಟದ್ದು. ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಸಿ, ಸತ್ತವರಿಗೆಲ್ಲ ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕಾಯುವುದು ಪದ್ಧತಿ. ಬಡಿಸುವುದು ಮನೆಯ ಯಜಮಾನನ ಕೆಲಸ. ಅಜ್ಜಿ ಅಪ್ಪನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅಮ್ಮನ ಎಲೆಗೆ ಅವಳೇ ಹಂದಿ ಸಾರು ಬಡಿಸಿ, ‘ಹುಳಿ ಸಮ ಉಟ್ಟು ಕಮಲ, ಉಣ್ಣು’ ಅನ್ನುತ್ತಿದ್ದಳು. ಆಮೇಲೆ ದೀಪಕ್ಕೆ ಕೈಮುಗಿದು ಗಟ್ಟಿಯಾಗಿ, ಜಗಲಿಯಲ್ಲಿ ನಿಂತವನಿಗೆ ಕೇಳಿಸುವಂತೆ ಹೇಳುತ್ತಿದ್ದಳು:

"ತಪ್ಪು ನನ್ನ ಮಗಂದು. ಮನೆದಲ್ಲ. ಈ ಗೂಡೆ ಮೇಲೆ ಮುನಿಬೇಡಿ."

ಗೂಡೆ ಅಂದರೆ ಹುಡುಗಿ, ಅಂದರೆ ನಾನು. ನಾನು ಅವಳ ಪಕ್ಕದಲ್ಲಿ ಕೈಮುಗಿದು ನಿಂತು, ಹೌದು ಹೌದು ಎಂದುಕೊಳ್ಳುತ್ತಿದ್ದೆ. ಅಜ್ಜಿಗೆ ಗೊತ್ತಿರುವುದು ಅರ್ಧ ತಪ್ಪು, ಪ್ಲೇಟು ಕಿತ್ತದ್ದು ಸೇರಿ ಪೂರಾ ತಪ್ಪು ಗೊತ್ತಿರುವವಳು ನಾನು ಒಬ್ಬಳೇ ಎಂಬ ಹೆಮ್ಮೆಯೂ ಇತ್ತು. ಆ ಅಧಿಕಾರಿಯ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ಇದು ಸರಿಯಾಗಿದ್ದಿದ್ದರೆ ಬದುಕುತ್ತಿದ್ದಳು ಎಂದರೆ ಏನು? ಮಣ್ಣೊಳಗಿನ ಒಂದು ತಗಡು ಮನುಷ್ಯರನ್ನು ಉಳಿಸುವುದು ಹೇಗೆ? ಅಪ್ಪ ತೆಗೆದದ್ದರಿಂದಲೇ ಅಮ್ಮ ಸತ್ತಳೋ, ತೆಗೆಯದಿದ್ದರೂ ಸಾಯುತ್ತಿದ್ದಳೋ? ಅದೊಂದು ಗೊತ್ತಾಗಬೇಕಿತ್ತು ನನಗೆ.

ಮುಂದೆ ಓದುತ್ತೇನೆ ಎಂದಾಗ, ಅದೂ ಕರೆಂಟಿನದೇ ಓದು ಎಂದಾಗ, ನೆಂಟರೆಲ್ಲ ಬಾಯಿಗೆ ಬಂದಂತೆ ಮಾತಾಡಿದರು. ತಾಯಿಯನ್ನು ತಿಂದದ್ದರ ಹಿಂದೆಯೇ ಹೋಗುತ್ತಾಳಲ್ಲ ಎಂದರು. ನನ್ನ ಪರವಾಗಿ ನಿಂತವಳು, ನಂಬಿದರೆ ನಂಬಿ, ಅಜ್ಜಿ. ‘ಹೋಗು ಗೂಡೆ, ಅದರ ಗುಟ್ಟು ತಿಳ್ಕೊಂಡು ಬಾ. ನನ್ನ ಕಮಲನ್ನ ಅದು ಹೆಂಗೆ ಹಿಡ್ಕೊಂಡತ್ ಅಂತ ನಂಗೆ ಬಂದು ಹೇಳು’ ಎಂದು ತನ್ನ ಹಳೆಯ ಟ್ರಂಕನ್ನು ಖಾಲಿ ಮಾಡಿ ಕೊಟ್ಟಳು. ಕಾಲೇಜಿನ ಆ ವಿಭಾಗದಲ್ಲಿ ನನಗಿಂತ ಮುಂಚೆ ಹುಡುಗಿಯರು ಇರಲಿಲ್ಲ. ಪ್ರಯೋಗಾಲಯದಲ್ಲಿ ಸೆರಗು ಯಂತ್ರಕ್ಕೆ ಸಿಕ್ಕೀತು ಎಂದು ದೂರ ನಿಲ್ಲಿಸುತ್ತಿದ್ದರು, ನಾನು ಸೆರಗನ್ನು ಸೊಂಟಕ್ಕೆ ಬಿಗಿದು ಮುಂದಕ್ಕೆ ನುಗ್ಗುತ್ತಿದ್ದೆ. ಅರ್ತಿಂಗಿನ ಪಾಠ ಬಂದ ದಿನ ಎಲ್ಲರೂ ಆಕಳಿಸುತ್ತಿದ್ದರು. ಮೇಷ್ಟ್ರು ಗುಂಡಿಯ ಚಿತ್ರ ಬರೆದು ಇದ್ದಿಲು, ಉಪ್ಪು ಎಂದು ಬಾಣದ ಗುರುತು ಹಾಕಿದರು. ಆ ದಿನ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ತಗಡು ಮಣ್ಣಲ್ಲಿ ಇದ್ದಿದ್ದರೆ, ತಂತಿ ಮೊದಲ ಸಲ ಜುಮ್ ಅನ್ನುವ ಮುಂಚೆಯೇ ಫ್ಯೂಸ್ ಹಾರುತ್ತಿತ್ತು. ರಾಘವನ್ ಬರುತ್ತಿದ್ದ, ವೈರು ಬದಲಾಯಿಸುತ್ತಿದ್ದ, ಅಮ್ಮ ಹುತ್ತರಿ ಮಾಡುತ್ತಿದ್ದಳು. ಅಪ್ಪನೇ ಕೊಂದದ್ದು. ಪುಸ್ತಕವೇ ಹೇಳುತ್ತಿತ್ತು.

ಆ ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೆಲಸಕ್ಕೆ ಸೇರಿದೆ. ನಮ್ಮ ಜಿಲ್ಲೆಯ ಲೈನುಗಳ ಮೇಲುಸ್ತುವಾರಿಗೆ ಬಂದ ಮೊದಲ ಹೆಂಗಸು ಎಂದು ಜನ ದೂರದ ಕಕ್ಕಬೆಯ ಕಡೆಯಿಂದಲೂ ನೋಡಲು ಬರುತ್ತಿದ್ದರು, ಕಂಬ ಹತ್ತಿದರೆ ಕೆಳಗೆ ಗುಂಪು ಸೇರುತ್ತಿತ್ತು. ರಜೆ ಹಾಕಿ ಮನೆಗೆ ಬಂದೆ, ಬರುವಾಗಲೇ ವೈರು, ಸ್ವಿಚ್ಚು, ತಗಡು ಎಲ್ಲ ತಂದಿದ್ದೆ. ಮನೆಗೆ ಕರೆಂಟು ಹಾಕಿಸಬೇಕು, ಅಪ್ಪನ ಎದುರಿಗೇ ಅದೇ ಜಾಗದಲ್ಲಿ ಅರ್ತಿಂಗ್ ಗುಂಡಿ ತೋಡಬೇಕು, ತೋಡುತ್ತಾ ಕೇಳಬೇಕು, ಇದನ್ನು ಯಾಕೆ ಕಿತ್ತೆ ಎಂದು. ಅಜ್ಜಿಯ ಹಲ್ಲು ಉದುರಿ ಕಣ್ಣು ಮಂಜಾಗಿತ್ತು. ಕರೆಂಟು ತಂದದ್ದಕ್ಕೆ ಅವಳು ಬೈಯಲಿಲ್ಲ, ಗೂಡೆ ಗುಟ್ಟು ತಿಳಿದವಳು ಎಂಬ ನಂಬಿಕೆ. ಅಪ್ಪ ಕಾಫಿ ಹಣ್ಣು ಹರವುವುದನ್ನು ಬಿಟ್ಟು ದೂರದಲ್ಲಿ ನಿಂತು ನೋಡುತ್ತಿದ್ದ. ನಾನು ಹಾರೆ ಹಾಕುತ್ತಾ ಅಜ್ಜಿಗೆ ಕೂಗಿ ಹೇಳಿದೆ:

"ಅಜ್ಜಿ, ಒಂದು ಬುಟ್ಟಿ ಇದ್ದಿಲು ಕೊಡು. ಕಲ್ಲುಪ್ಪು ಸಾ."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಳು.

"ಉಪ್ಪು ಇದ್ದಿಲು ಎಂತಕೆ? ಅಲ್ಲಿ ಹಿರಿಯವರ ಕಲ್ಲಿನ ಹತ್ರ ಹಾಕಿಕೆನಾ?"

"ಹೂಂ. ತಗಡು ಹೂಳಬೇಕು."

"ಅಯ್ಯೋ ಬೊತ್ತು ಗೂಡೆ, ಬೊತ್ತು! ಅದು ಮಾಟ! ಆವತ್ತು ಸಾ ಯಾರೋ ಪಾಪಿಗಳು ಹಂಗೇ ಮಾಡಿದ್ದವು. ನಾನು ತವರಿಂದ ಬಂದು ನೋಡ್ತೆ, ಕಲ್ಲಿನ ಬುಡದಲ್ಲಿ ಹೊಸ ಮಣ್ಣು. ಬಗೆದರೆ ಉಪ್ಪು, ಇದ್ದಿಲು, ಒಳಗೆ ಒಂದು ಯಂತ್ರದ ತಗಡು! ಯಾರಿಗೂ ಹೇಳಿತ್ಲೆ, ಹೇಳಿದರೆ ಮಾಟ ಹಿಡಿತದೆ. ನಾನೇ ಕಿತ್ತು ಹೊಳೆಗೆ ಎಸೆದು, ನಿಂಬೆಹಣ್ಣು ಕುಯ್ದು ಕಳೆದೆ. ಕರೆಂಟಿನವರ ತಂತಿ ಒಂದು ಅದಕ್ಕೆ ತೊಡರಿತ್ತ್, ಅದನ್ನ ಬಿಡಿಸಿ ಇದ್ದ ಹಂಗೇ ಮಣ್ಣಿಗೆ ಸಿಕ್ಕಿಸಿ ಬಂದೆ. ನಾನಿಲ್ಲದಿದ್ದರೆ ಈ ಮನೆ ಉಳೀತಿತ್ತಾ?"

ಎಷ್ಟು ಹೆಮ್ಮೆಯಿಂದ ಹೇಳಿದಳು! ಅಮ್ಮ ತನ್ನ ಕೈಯಾರೆ ಕೊಟ್ಟ ಇದ್ದಿಲು, ತನ್ನ ಕೈಯಾರೆ ಸುರಿದ ಉಪ್ಪು. ನಾನು ಅಪ್ಪನ ಕಡೆ ತಿರುಗಿದೆ. ಅವನಿಗೆ ಆಶ್ಚರ್ಯವಾಗಿರಲಿಲ್ಲ. ಅವನು ನನ್ನನ್ನೇ ನೋಡುತ್ತಾ ತಲೆಯನ್ನು ನಿಧಾನಕ್ಕೆ ಅಡ್ಡ ಆಡಿಸಿದ, ಬೇಡ, ಬೇಡ, ಎಂದು. ಅಜ್ಜಿ ಮತ್ತೆ ಕೇಳಿದಳು, ‘ಎಂತಕೆ ಸುಮ್ಮನಾದೆ? ಗುಟ್ಟು ತಿಳ್ಕೊಂಡು ಬಾ ಅಂದಿದ್ದೆ, ಸಿಕ್ಕಿತಾ?’ ನಾನು ಬಾಯಿ ತೆರೆದೆ. ಅಪ್ಪ ದೊಡ್ಡ ಹೆಜ್ಜೆ ಹಾಕಿಕೊಂಡು ಬಂದು ನಮ್ಮಿಬ್ಬರ ನಡುವೆ ನಿಂತು, ಎಷ್ಟೋ ವರ್ಷಗಳ ಮೇಲೆ ತನ್ನ ತಾಯಿಗೆ ನೇರವಾಗಿ ಮಾತಾಡಿದ:

"ಸಿಕ್ಕಿತ್ಲೆ ಅವ್ವ. ಅವಳಿಗೂ ಗೊತ್ತಿಲ್ಲೆ. ಗುಂಡಿ ಬೊತ್ತು ಅಂದೆಯಲ್ಲ, ಮುಚ್ಚುತ್ತೊ."

ಗುಂಡಿ ಮುಚ್ಚಿದೆವು. ಅಜ್ಜಿ ಒಳಗೆ ಹೋದ ಮೇಲೆ ಕಾಫಿ ಕಣದ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ. ನಿಂಬೆ ಸಿಪ್ಪೆ ಕಂಡ ಕೂಡಲೇ ಅವನಿಗೆ ಗೊತ್ತಾಗಿತ್ತಂತೆ. ರಾಘವನ್‌ನ ಕೆಲಸ ಹೋಗಬಾರದು, ಅವ್ವನ ಹೆಸರು ಬರಬಾರದು, ಅದಕ್ಕೆ ಬಾಯಿಗೆ ಬಂದದ್ದು ಹೇಳಿದನಂತೆ. ನಾನು ಕಿರುಚಿದೆ. ಅವಳು ಕೊಂದು, ನಿನ್ನ ತಲೆಗೆ ಕಟ್ಟಿ, ಹಿರಿಯರ ಮುಂದೆ ವರ್ಷ ವರ್ಷ ನಿನ್ನನ್ನು ದೂರುತ್ತಾಳಲ್ಲ, ನಿನಗೆ ಮಾನ ಮರ್ಯಾದೆ ಇಲ್ಲವಾ ಅಪ್ಪ? ಅವನನ್ನು ಅಪ್ಪ ಎಂದು ಕರೆದೆನೆಂದು ಆಮೇಲೆ ನನಗೇ ಗೊತ್ತಾಯಿತು. ಅವನು ಅತ್ತಿತ್ತ ನೋಡಿದ, ಇನ್ಯಾರನ್ನೋ ಕರೆದೆನೇನೋ ಎಂಬಂತೆ.

"ಸ್ವಿಚ್ಚಿಗೆ ಅಡ್ಡ ನಿಂತವನು ನಾನೇ ಅಲ್ಲವಾ ಮಗಳೇ. ಅದು ನನ್ನದೇ. ಅವ್ವಂದು ಅವ್ವಂಗೆ ಗೊತ್ತಾದರೆ ಅವಳು ಅನ್ನ ಮುಟ್ಟುಲೆ, ಸಾಯ್ತದೆ. ನಂಗೆ ಬೈಸಿಕೊಂಡು ಅಭ್ಯಾಸ ಆಗ್ಯುಟ್ಟು. ಅವಳಿರುವವರೆಗೆ ಹೇಳಬೇಡ."

ಅವಳಿರುವವರೆಗೆ ಅಂದನಲ್ಲ, ಅವಳಿಗಿಂತ ಮುಂಚೆ ಅವನೇ ಹೋದ. ಒಂದು ಜ್ವರ, ಎದೆನೋವು, ಆಸ್ಪತ್ರೆಯ ದಾರಿಯಲ್ಲೇ ಮುಗಿಯಿತು. ಆ ವರ್ಷ ಹಿರಿಯರಿಗೆ ಬಡಿಸುವಾಗ ಸಾಲಿನಲ್ಲಿ ಅವನಿಗೂ ಒಂದು ಎಲೆ. ಅಜ್ಜಿ ಅದನ್ನು ಸಾಲಿನಿಂದ ಬೇರೆ ಮಾಡಿ, ಹೊಸ್ತಿಲ ಹತ್ತಿರ ಹಾಸಿದಳು. ಅಲ್ಲಿ ಸಹ ಜಗಲಿಯೇ ಅವನಿಗೆ! ನಾನು ಬಗ್ಗಿ ಆ ಎಲೆಯನ್ನು ಅನ್ನದ ಸಮೇತ ಎಳೆದುಕೊಂಡು ಹೋಗಿ ಅಮ್ಮನ ಎಲೆಯ ಪಕ್ಕಕ್ಕೆ ಇಟ್ಟೆ. ಅಜ್ಜಿ ಮಂಜುಗಣ್ಣಿನಿಂದ ನೋಡಿದಳು. ಬೊತ್ತು ಎನ್ನಲಿಲ್ಲ. ‘ತಪ್ಪು ನನ್ನ ಮಗಂದು’ ಎನ್ನುವ ಮಾತು ಆ ವರ್ಷವೂ ಬಂತು, ಆದರೆ ಕೇಳಿಸುವಷ್ಟು ಗಟ್ಟಿಯಾಗಿ ಬರಲಿಲ್ಲ, ಕೇಳಿಸಿಕೊಳ್ಳುವವನು ಜಗಲಿಯಲ್ಲಿ ಇರಲಿಲ್ಲವಲ್ಲ. ಅಪ್ಪ ಹೇಳಬೇಡ ಅಂದಿದ್ದ, ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಅದಾದ ಮೇಲೂ ಅಜ್ಜಿ ಬಹಳ ಕಾಲ ಬದುಕಿದಳು. ಅವಳನ್ನು ಎತ್ತಿ ಕೂರಿಸಿದೆ, ಉಣಿಸಿದೆ, ಸ್ನಾನ ಮಾಡಿಸಿದೆ, ಪ್ರೀತಿಯಿಂದಲೇ ಮಾಡಿದೆ. ಅವಳ ಮೇಲಿನ ಕೋಪ ಮಾತ್ರ ಒಂದು ದಿನವೂ ಇಳಿಯಲಿಲ್ಲ. ಎರಡೂ ಒಟ್ಟಿಗೆ ಇರುತ್ತವೆ, ನನ್ನನ್ನು ಕೇಳಿ. ನಾನು ಎಷ್ಟೋ ಹಳ್ಳಿಗಳಿಗೆ ಲೈನು ಎಳೆಸಿದೆ. ನನ್ನ ಮನೆಯಲ್ಲಿ ಮಾತ್ರ ಕೊನೆಯವರೆಗೂ ಬುಡ್ಡಿ. ಇಂಜಿನಿಯರಮ್ಮನ ಮನೆಯ ಚೆಂದ ನೋಡಿ ಎಂದು ಮೂರ್ನಾಡಿನಲ್ಲಿ ಈಗ ನನ್ನನ್ನು ಕಂಡು ನಗುತ್ತಿದ್ದರು.

ಅಜ್ಜಿಯ ಕಾರ್ಯ ಮುಗಿದ ಮೇಲೆ ಸಂಪಿಗೆ ಮರದ ಕೆಳಗೆ ನಾನೇ ಗುಂಡಿ ತೋಡಿದೆ. ಕೆಲಸದವರು ಬರುತ್ತೇವೆ ಎಂದರೂ ಬಿಡಲಿಲ್ಲ. ಈಗೆಲ್ಲ ಅಂಗಡಿಯಲ್ಲಿ ಪುಡಿಯ ಚೀಲ ಸಿಗುತ್ತದೆ, ಉಪ್ಪು ಇದ್ದಿಲಿನ ಗೊಡವೆ ಬೇಕಿಲ್ಲ. ನಾನು ಒಲೆಯಿಂದಲೇ ಗೋರಿಕೊಂಡು ಬಂದೆ, ಅದೇ ಭರಣಿಯಿಂದಲೇ ಸುರಿದೆ. ನಿವೃತ್ತಿಯಾಗಿ ಈಗ ಇಲ್ಲೇ ಇದ್ದೇನೆ. ಮುಸ್ಸಂಜೆಗೆ ಕೈಕಾಲು ತೊಳೆದು, ಮರದ ಸೌಟಿನ ಹಿಡಿಯಿಂದ ಮೈನ್ ಸ್ವಿಚ್ಚನ್ನು ಕೆಳಕ್ಕೆ ಎಳೆಯುತ್ತೇನೆ, ಗಂಟೆ ಬಾರಿಸಿ ಹಿರಿಯರಿಗೆ ದೀಪ ಹಚ್ಚುತ್ತೇನೆ. ಆ ಸಾಲಿನಲ್ಲಿ ಈಗ ಮೂವರೂ ಇದ್ದಾರೆ. ಆಮೇಲೆ ಸ್ವಿಚ್ಚನ್ನು ಮೇಲಕ್ಕೆತ್ತಿ, ಬಲ್ಬು ಉರಿಯುವುದನ್ನು ನೋಡಿ, ಹಿತ್ತಿಲಿಗೆ ಹೋಗುತ್ತೇನೆ. ಅಮ್ಮನ ಹಾಗೆಯೇ ನೆಲಕ್ಕೆ ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ನಿಂತು, ಕೊಟ್ಟಿಗೆಗೆ ಕಟ್ಟಿದ ತಂತಿಯನ್ನು ಇಡೀ ಅಂಗೈಯಿಂದ ಹಿಡಿಯುತ್ತೇನೆ. ಏನೂ ಆಗುವುದಿಲ್ಲ. ಏನೂ ಆಗದೆ ಇರುವುದಕ್ಕೆ ಬೇಕಾಗಿದ್ದದ್ದು ಇಷ್ಟೇ, ಒಂದು ಬುಟ್ಟಿ ಇದ್ದಿಲು, ಒಂದಿಷ್ಟು ಉಪ್ಪು, ಅದನ್ನು ನನ್ನ ಅಮ್ಮ ಕೊಟ್ಟಿದ್ದಳು.